ಕಾಟ್ಸ್‌ವೋಲ್ಡ್ಸ್ ಸೈಕಲ್ ಪ್ರವಾಸ: 5 ದಿನಕ್ಕೆ 550 ಕಿಮೀ ಆಗುತ್ತದಾ?

ರೆಡಿಂಗ್‌ವಾಸಿ

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ನಮ್ಮ ಭಾವ ತೀರ್ಥಹಳ್ಳಿಯಿಂದ ಇಲ್ಲಿಗೆ, ಇಂಗ್ಲೆಂಡಿನ ರೆಡಿಂಗ್‌ಗೆ, ಬರುತ್ತಿದ್ದಾರೆ. ಅಕ್ಕನ ಗಂಡ, ವಯಸ್ಸು 54. ವಾರಕ್ಕೆ ಮೂರು ದಿನ ಸೈಕಲ್ ಹೊಡೆಯುತ್ತಾರೆ. ಆಗುಂಬೆ ಘಾಟಿ ಎಷ್ಟೋ ಸಲ ಹತ್ತಿದ್ದಾರೆ. "ಲಂಡನ್ ನೋಡೋದು ಆಮೇಲೆ ಮಾರಾಯ, ಮೊದಲು ಅಲ್ಲಿನ ಹಳ್ಳಿ ತೋರಿಸು" ಅಂತ ಫೋನಿನಲ್ಲಿ ಹೇಳಿದ್ದಾರೆ. ನಾನು ದಿನಾ ಆಫೀಸಿಗೆ ಸೈಕಲ್‌ನಲ್ಲೇ ಹೋಗುತ್ತೇನೆ. ಆದರೆ ಚೀಲ ಕಟ್ಟಿಕೊಂಡು ಊರಿಂದ ಊರಿಗೆ ಹೋಗಿದ್ದಿಲ್ಲ.

ಕಾಟ್ಸ್‌ವೋಲ್ಡ್ಸ್ ಅನ್ನುವ ಗುಡ್ಡಗಾಡಿನ ಹಳ್ಳಿಗಳನ್ನು ತೋರಿಸೋಣ ಅಂತ ನನ್ನ ಯೋಜನೆ ಹೀಗಿದೆ. ಮನೆಯಿಂದಲೇ ಹೊರಟು ಆಕ್ಸ್‌ಫರ್ಡ್ ಮೇಲೆ ಮೊದಲ ರಾತ್ರಿ ಮೊರ್ಟನ್-ಇನ್-ಮಾರ್ಷ್. ಎರಡನೇ ದಿನ ಬ್ರಾಡ್‌ವೇ ಇಳಿದು, ವಾಪಸ್ ಹತ್ತಿ, ಚೆಲ್ಟನಂ ದಾಟಿ ಸ್ಟ್ರೌಡ್. ಮೂರನೇ ದಿನ ಬಾತ್. ಉಳಿದ ಎರಡು ದಿನ ಬೈಬರಿ, ಬರ್ಫರ್ಡ್ ನೋಡಿಕೊಂಡು ಮನೆ. ದಿನಕ್ಕೆ 110 ಕಿಮೀ ಬರುತ್ತದೆ. ಇಡೀ ಕಾಟ್ಸ್‌ವೋಲ್ಡ್ಸ್‌ನಲ್ಲಿ ಅತಿ ಎತ್ತರದ ಜಾಗ ಕ್ಲೀವ್ ಹಿಲ್, ಅದೂ 330 ಮೀಟರ್. ಘಾಟಿ ಹತ್ತಿದವರಿಗೆ ಇದು ಸುಲಭ ಅಲ್ವಾ? ಹೋಗಿ ಬಂದವರು ಹೇಳಿ.

ಬಾತ್‌ಬಸು

110 ಬೇಡ. 55 ಇಟ್ಟುಕೊಳ್ಳಿ.

ರೆಡಿಂಗ್‌ವಾಸಿ

ಅರ್ಧಕ್ಕರ್ಧ ಇಳಿಸಿಬಿಟ್ಟಿರಲ್ಲ ಸರ್! ಕಾರಣ ಹೇಳಿ. ಭಾವ ಊರಿನಲ್ಲಿ ದಿನಕ್ಕೆ 100 ಹೊಡೆಯುತ್ತಾರೆ.

ಬಾತ್‌ಬಸು

ಸರಿ, ಪೂರ್ತಿ ಬರೆಯುತ್ತೇನೆ. ಎಂಟು ವರ್ಷದಿಂದ ಈ ಭಾಗದಲ್ಲಿ ಸೈಕಲ್ ಹೊಡೆಯುತ್ತಿದ್ದೇನೆ.

ನೀವು ಎತ್ತರ ನೋಡಿದ್ದೀರಿ. ಎತ್ತರ ಬೇರೆ, ಏರು ಬೇರೆ. ನಮ್ಮ ಘಾಟಿ ರಸ್ತೆಯನ್ನು ಎಂಜಿನಿಯರು ಕೂತು ಗೀಚಿದ್ದಾನೆ. ಗಾಡಿ ಹತ್ತಲಿ ಅಂತ ಸುತ್ತಿ ಸುತ್ತಿ ಒಂದೇ ಹದದಲ್ಲಿ ಮೇಲೇರಿಸುತ್ತಾನೆ. ಒಂದು ಗೇರಿಗೆ ಹಾಕಿ, ಉಸಿರು ಹಿಡಿತಕ್ಕೆ ಬಂದರೆ ಗಂಟೆಗಟ್ಟಲೆ ಹತ್ತಬಹುದು. ಇಲ್ಲಿನ ಓಣಿಗಳು ಕುರಿ, ಕುದುರೆ ನಡೆದು ಆದವು. ಗುಡ್ಡ ಎದುರಾದರೆ ನೆಟ್ಟಗೆ ಮೇಲೆ, ಆಚೆ ನೆಟ್ಟಗೆ ಕೆಳಗೆ. ಏರು 300 ಮೀಟರ್ ಉದ್ದ ಇರಬಹುದು, ಆದರೆ 15 ಪರ್ಸೆಂಟ್ ಕಡಿದು. ಇಳಿಜಾರಿನಲ್ಲಾದರೂ ವೇಗ ಸಿಗುತ್ತದಾ? ಅದೂ ಇಲ್ಲ. ತಿರುವಿನಾಚೆ ಏನಿದೆ ಕಾಣದು, ರಸ್ತೆ ಮಧ್ಯ ಜಲ್ಲಿ, ಕೆಸರು. ಬ್ರೇಕು ಹಿಡಿದೇ ಇಳಿಯಬೇಕು. ತಳದಲ್ಲಿ ಸಣ್ಣ ಕಲ್ಲಿನ ಸೇತುವೆ, ದಾಟಿದ ಕೂಡಲೇ ಮತ್ತೆ ಏರು. ಇಂಥದ್ದು ದಿನಕ್ಕೆ ಹದಿನೈದು ಬಂದರೆ 60 ಕಿಮೀಗೇ ಕಾಲು ಕಳಚುತ್ತದೆ.

ಇನ್ನೊಂದು, ಇದೇ ಮುಖ್ಯ. ಕಾಟ್ಸ್‌ವೋಲ್ಡ್ಸ್ ಅನ್ನುವುದು ಓರೆಯಾಗಿ ಎತ್ತಿಟ್ಟ ಹಲಗೆ ಇದ್ದಹಾಗೆ. ಪಶ್ಚಿಮದ ಅಂಚು ಎದ್ದಿದೆ. ಬ್ರಾಡ್‌ವೇ, ವಿಂಚ್‌ಕೂಂ, ಚೆಲ್ಟನಂ ಎಲ್ಲ ಆ ಅಂಚಿನ ಬುಡದಲ್ಲಿವೆ. ಅಲ್ಲಿ ಇಳಿದರೆ ಧೊಪ್ಪೆಂದು ಇಳಿದಂತೆ, ಮತ್ತೆ ಹತ್ತಲೇಬೇಕು. ಪೂರ್ವದ ಕಡೆ, ಅಂದರೆ ಆಕ್ಸ್‌ಫರ್ಡ್ ಕಡೆಗೆ, ನೆಲ ನಿಧಾನವಾಗಿ ಇಳಿಯುತ್ತದೆ. ಎವನ್‌ಲೋಡ್, ವಿಂಡ್‌ರಶ್, ಕೋಲ್ನ್ ಹೊಳೆಗಳು ಅದೇ ಓರೆಯಲ್ಲಿ ಹರಿದು ಥೇಮ್ಸ್ ಸೇರುತ್ತವೆ. ಹೊಳೆ ಜೊತೆಯಲ್ಲೇ ಹೋದರೆ ಸುಖ. ಒಂದು ಹೊಳೆ ಬಿಟ್ಟು ಇನ್ನೊಂದಕ್ಕೆ ಅಡ್ಡ ಹಾಯ್ದರೆ ಪ್ರತಿ ಸಲ ಒಂದು ಗುಡ್ಡ. ನಿಮ್ಮ ದಾರಿ ಎಲ್ಲ ಹೊಳೆಗೂ ಅಡ್ಡವೇ ಹೋಗುತ್ತದೆ. ಮೇಲಾಗಿ ಅಂಚನ್ನು ಎರಡು ಸಲ ಇಳಿದು ಎರಡು ಸಲ ಹತ್ತುತ್ತದೆ.

ಗೇರ್‌ಪ್ರಿಯ

ಬಸು ಸರ್, ಹೆದರಿಸಬೇಡಿ. ನಾನು ಹೋದ ವರ್ಷ ಬಾತ್‌ನಿಂದ ಸ್ಟೋಗೆ ಹೋಗಿ ಮರುದಿನ ವಾಪಸ್ ಬಂದೆ. ಎರಡೂ ದಿನ 100 ದಾಟಿತ್ತು. ಏನೂ ಆಗಲಿಲ್ಲ.

ಬಾತ್‌ಬಸು

ಸಾಮಾನು ಎಷ್ಟಿತ್ತು? ಯಾವ ರಸ್ತೆ?

ಗೇರ್‌ಪ್ರಿಯ

ಸೀಟಿನ ಕೆಳಗೆ ಒಂದು ಸಣ್ಣ ಚೀಲ. ಕಾರ್ಬನ್ ಸೈಕಲ್. ರಸ್ತೆ ಬಹುಪಾಲು ಎ429 ಹೆದ್ದಾರಿ.

ಬಾತ್‌ಬಸು

ಅದೇ ನೋಡಿ. ಎ429ರ ದೊಡ್ಡ ಭಾಗ ಹಳೇ ಫಾಸ್ ವೇ. ಎಕ್ಸೆಟರ್‌ನಿಂದ ಲಿಂಕನ್‌ವರೆಗೆ ರೋಮನ್ನರು ಹಾಕಿದ ನೇರ ರಸ್ತೆ. ಬೇಗ ಹೋಗಬಹುದು, ನಿಜ. ಆದರೆ ಪಕ್ಕದಲ್ಲೇ ಲಾರಿ ಹೋಗುತ್ತಿರುತ್ತದೆ. ಊರಿಂದ ಬಂದ ಭಾವನಿಗೆ ಹಳ್ಳಿ ತೋರಿಸಬೇಕು ಅಂತ ಹೊರಟವರಿಗೆ ಆ ರಸ್ತೆ ಯಾಕೆ?

ಸುಮಾ_ಸ್ವಿಂಡನ್

ಎ ರಸ್ತೆ ಬೇಡವೇ ಬೇಡ. ಆದರೆ ಓಣಿ ಅಂದ ತಕ್ಷಣ ನಿಶ್ಚಿಂತೆ ಅಂತಲೂ ಅಂದುಕೊಳ್ಳಬೇಡಿ. ಎರಡೂ ಕಡೆ ಆಳೆತ್ತರದ ಬೇಲಿ ಇರುವ, ಒಂದೇ ಕಾರು ಹಿಡಿಸುವ ರಸ್ತೆಗೂ ಕಾನೂನಿನಲ್ಲಿ 60 ಮೈಲಿ ವೇಗದ ಮಿತಿಯೇ ಇರುತ್ತದೆ. ಬಹಳ ಜನ ಅಷ್ಟು ವೇಗದಲ್ಲಿ ಬರುವುದಿಲ್ಲ, ಆದರೆ ಬರುವವರೂ ಇದ್ದಾರೆ.

ನಾನು ಮಾಡುವುದು ಹೀಗೆ. ತಿರುವಿಗೆ ಮುಂಚೆ ಪೆಡಲ್ ನಿಲ್ಲಿಸಿ ಕಿವಿಗೊಡುತ್ತೇನೆ. ಟ್ರ್ಯಾಕ್ಟರ್ ಸದ್ದು ದೂರದಿಂದಲೇ ಗೊತ್ತಾಗುತ್ತದೆ, ಎಲೆಕ್ಟ್ರಿಕ್ ಕಾರಿನದ್ದು ಗೊತ್ತಾಗುವುದಿಲ್ಲ. ಅದಕ್ಕೇ ರಸ್ತೆಯ ಎಡ ಅಂಚಿಗೆ ಅಂಟಿಕೊಂಡು ಹೋಗುವುದಿಲ್ಲ, ಸ್ವಲ್ಪ ಒಳಗೇ ಇರುತ್ತೇನೆ. ಆಗ ಎದುರಿನವರಿಗೆ ಬೇಗ ಕಾಣುತ್ತೇವೆ. ಹಿಂದೆ ಗಾಡಿ ಸೇರಿಕೊಂಡರೆ, ದಾರಿ ಬಿಡಲು ಅಗಲ ಮಾಡಿದ ಜಾಗ ಬಂದಾಗ ನಿಂತು ಬಿಟ್ಟುಕೊಡಿ. ಅವರು ಕೈ ಎತ್ತುತ್ತಾರೆ, ನಾವೂ ಎತ್ತುತ್ತೇವೆ. 2022ರಲ್ಲಿ ಹೈವೇ ಕೋಡ್ (ಇಲ್ಲಿನ ರಸ್ತೆ ನಿಯಮಗಳ ಪುಸ್ತಕ) ಬದಲಾದ ಮೇಲೆ, 30 ಮೈಲಿವರೆಗಿನ ವೇಗದಲ್ಲಿ ಸೈಕಲ್ ದಾಟುವಾಗ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕು, ಜಾಸ್ತಿ ವೇಗಕ್ಕೆ ಜಾಸ್ತಿ ಅಂತರ. ಓಣಿಯಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಹಾಗಾಗಿ ನಿಮ್ಮ ಹಿಂದೆ ಕಾಯುವವರು ಸರಿಯಾಗೇ ಮಾಡುತ್ತಿದ್ದಾರೆ. ಗಾಬರಿಯಾಗಿ ಬೇಲಿಗೆ ನುಗ್ಗಬೇಡಿ.

ಕಾವೇರಿತೀರ

ಹೆಲ್ಮೆಟ್ ಮರೆಯಬೇಡಿ, ಇಲ್ಲಿ ಕಡ್ಡಾಯ. ಪೊಲೀಸರು ಹಿಡಿದರೆ ದಂಡ.

ಸುಮಾ_ಸ್ವಿಂಡನ್

ಕಡ್ಡಾಯ ಅಲ್ಲ. ಹಾಕಿಕೊಳ್ಳುವುದು ಒಳ್ಳೆಯದು ಅಂತ ಹೈವೇ ಕೋಡ್ ಹೇಳುತ್ತದೆ, ಅಷ್ಟೇ. ಕತ್ತಲಾದ ಮೇಲೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಮತ್ತು ಕೆಂಪು ರಿಫ್ಲೆಕ್ಟರ್, ಪೆಡಲಿಗೆ ರಿಫ್ಲೆಕ್ಟರ್. ಕಾನೂನು ಅಂದರೆ ಇದು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೆ ಬೆಳಕಿರುತ್ತದೆ. ಆದರೂ ಮರಗಳು ಕೂಡಿಕೊಂಡ ಓಣಿಯೊಳಗೆ ಮಧ್ಯಾಹ್ನವೂ ಕತ್ತಲು. ನಾನು ಹಗಲಲ್ಲೂ ಹಿಂದಿನ ದೀಪ ಹಾಕಿರುತ್ತೇನೆ.

ಹಳೇಹರ್ಕ್ಯುಲಿಸ್

ಮಕ್ಕಳೇ, ಫೋನನ್ನು ಪಕ್ಕಕ್ಕಿಟ್ಟು ಒಂದು ಕಾಗದದ ನಕ್ಷೆ ಕೊಳ್ಳಿ. ಆರ್ಡ್‌ನೆನ್ಸ್ ಸರ್ವೆಯ (ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ) ಲ್ಯಾಂಡ್‌ರೇಂಜರ್ ಸರಣಿ, 1:50,000. 163ನೇ ಹಾಳೆ ಚೆಲ್ಟನಂ-ಸೈರನ್‌ಸೆಸ್ಟರ್ ಭಾಗದ್ದು. 151ನೆಯದು ಅದರ ಮೇಲಿನದು. ಹತ್ತು ಹತ್ತು ಮೀಟರಿಗೆ ಒಂದು ಎತ್ತರದ ಗೆರೆ ಇರುತ್ತದೆ. ಗೆರೆ ಒತ್ತೊತ್ತಾಗಿದ್ದರೆ ಗುಡ್ಡ ಕಡಿದು.

ರಸ್ತೆ ಮೇಲೆ ಸಣ್ಣ ಬಾಣದ ಗುರುತು ನೋಡಿ. ಒಂದು ಬಾಣ ಇದ್ದರೆ ಏರು 7ಕ್ಕೆ 1ರಿಂದ (7 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ) 5ಕ್ಕೆ 1ರವರೆಗೆ. ಎರಡು ಬಾಣ ಇದ್ದರೆ 5ಕ್ಕೆ 1ಕ್ಕಿಂತ ಕಡಿದು. ಬಾಣದ ಮೊನೆ ಇಳಿಜಾರಿನ ಕಡೆಗಿರುತ್ತದೆ. ನಲವತ್ತು ವರ್ಷದಿಂದ ನಾನು ಹೊರಡುವ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ನಕ್ಷೆ ಹಾಸಿ, ಬಾಣದ ಮೊನೆ ನನಗೆ ಎದುರಾಗುವ ಕಡೆಯೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿಕೊಳ್ಳುತ್ತೇನೆ. ಸುತ್ತು ಆರು ದಾಟಿದರೆ ದಾರಿ ಬದಲಿಸುತ್ತೇನೆ. ಬರ್ಮಿಂಗ್‌ಹ್ಯಾಂನಿಂದ ಹೊರಟು ಈ ಕಡೆಯ ಎಷ್ಟು ಓಣಿ ಸುತ್ತಿದ್ದೇನೋ ಲೆಕ್ಕವಿಲ್ಲ. ಈ ಲೆಕ್ಕ ಮಾತ್ರ ಒಮ್ಮೆಯೂ ತಪ್ಪಿಲ್ಲ.

ಗೇರ್‌ಪ್ರಿಯ

ಅಂಕಲ್, ಈಗ ಆ್ಯಪ್‌ನಲ್ಲೇ ಏರಿನ ಚಿತ್ರ ಬರುತ್ತದೆ. ಬಣ್ಣದಲ್ಲಿ ತೋರಿಸುತ್ತದೆ. ಕಾಗದ ಮಳೆಯಲ್ಲಿ ನೆನೆಯುತ್ತದೆ.

ಹಳೇಹರ್ಕ್ಯುಲಿಸ್

ಅದೂ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಆ್ಯಪ್ ನೀವು ಕೇಳಿದ ದಾರಿಯ ಏರು ಮಾತ್ರ ತೋರಿಸುತ್ತದೆ. ಪಕ್ಕದ ಹೊಳೆದಂಡೆಯಲ್ಲಿ ಇನ್ನೊಂದು ಓಣಿ ಇದೆ, ಅಲ್ಲಿ ಬಾಣವೇ ಇಲ್ಲ ಅನ್ನುವುದು ಹಾಳೆ ಹಾಸಿದಾಗ ತಾನಾಗಿ ಕಾಣುತ್ತದೆ. ಕಣಿವೆಯೊಳಗೆ ಹೊಕ್ಕರೆ ಸಿಗ್ನಲ್ಲೂ ಹೋಗುತ್ತದೆ.

ರೆಡಿಂಗ್‌ವಾಸಿ

ಹಿರಿಯರ ಮಾತು ಕೇಳಿ ಎರಡೂ ಹಾಳೆ ತರಿಸಿದೆ. ನಿಜ, ನನ್ನ ದಾರಿಯ ಎರಡನೇ ದಿನಕ್ಕೇ 11 ಸುತ್ತು ಬಿತ್ತು.

ಇನ್ನೊಂದು ಪ್ರಶ್ನೆ. ನಕ್ಷೆಯಲ್ಲಿ ಕಾಟ್ಸ್‌ವೋಲ್ಡ್ ವೇ ಅಂತ ಒಂದು ದಾರಿ ಉದ್ದಕ್ಕೂ ಇದೆಯಲ್ಲ, ಚಿಪ್ಪಿಂಗ್ ಕ್ಯಾಂಪ್ಡನ್‌ನಿಂದ ಬಾತ್‌ವರೆಗೆ. ಅದರಲ್ಲೇ ಹೋದರೆ?

ಬಾತ್‌ಬಸು

ಅದು ನಡೆಯುವವರ ದಾರಿ. ಬಹುಪಾಲು ಫುಟ್‌ಪಾತ್. ಇಲ್ಲಿ ಫುಟ್‌ಪಾತ್ ಅಂದರೆ ಹೊಲದ ನಡುವಿನ ಕಾಲುದಾರಿಯೂ ಹೌದು. ಅದರಲ್ಲಿ ಸೈಕಲ್ ಹೊಡೆಯುವ ಹಕ್ಕಿಲ್ಲ. ಗೂಟದ ಮೇಲಿನ ಬಾಣ ನೋಡಿ. ಹಳದಿ ಬಾಣ ಇದ್ದರೆ ನಡಿಗೆಗೆ ಮಾತ್ರ. ನೀಲಿ ಬಾಣ ಇದ್ದರೆ ಬ್ರೈಡಲ್‌ವೇ, ಅಂದರೆ ಕುದುರೆ ದಾರಿ. 1968ರ ಕಂಟ್ರಿಸೈಡ್ ಆ್ಯಕ್ಟ್ ಬಂದ ಮೇಲೆ ಅದರಲ್ಲಿ ಸೈಕಲ್ಲಿಗೂ ಹಕ್ಕಿದೆ. ಆದರೆ ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು. ಕುದುರೆ ಹಿಂದಿನಿಂದ ಹೋಗುವಾಗ ಬೆಲ್ ಹೊಡೆಯುವುದಕ್ಕಿಂತ "ಹಲೋ" ಅನ್ನುವುದು ವಾಸಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆದರುವುದಿಲ್ಲ.

ಸಾಮಾನು ಕಟ್ಟಿದ ಸೈಕಲ್ಲಿಗೆ ಕುದುರೆ ದಾರಿಯೂ ಕಷ್ಟ. ಮಳೆ ಬಂದ ಮಾರನೇ ದಿನ ಜೇಡಿ ಮಣ್ಣು ಮಡ್‌ಗಾರ್ಡಿನೊಳಗೆ ಸೇರಿ ಚಕ್ರವೇ ತಿರುಗುವುದಿಲ್ಲ.

ತುಂಗಾತಟ

ರೈಲಿನ ವಿಷಯ ಯಾರೂ ಹೇಳಲಿಲ್ಲ. ನಾನು ಎರಡು ವರ್ಷದ ಹಿಂದೆ ಇದೇ ಭಾಗ ಸುತ್ತಿ, ಕೊನೆಯ ದಿನ ಬಾತ್‌ನಿಂದ ರೈಲು ಹತ್ತಲು ಹೋದೆ. ಟಿಕೆಟ್ ಇತ್ತು, ಸೈಕಲ್ಲಿಗೆ ಜಾಗ ಕಾದಿರಿಸಿರಲಿಲ್ಲ. ಗಾರ್ಡ್ ಹತ್ತಿಸಲಿಲ್ಲ. ಮುಂದಿನ ರೈಲಿನಲ್ಲೂ ಅದೇ. ಚಳಿಯಲ್ಲಿ ಮೂರು ಗಂಟೆ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಸೈಕಲ್ಲಿಗೆ ಬೇರೆ ದುಡ್ಡಿಲ್ಲ, ಬರೀ ಕಾದಿರಿಸಬೇಕಷ್ಟೇ ಅಂತ ಟಿಕೆಟ್ ಕೊಟ್ಟವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ದೂರದ ರೈಲಿನಲ್ಲಿ ಸೈಕಲ್ ನೇತುಹಾಕುವ ಜಾಗ ಬಹಳ ಕಡಿಮೆ. ದಿನ ಗೊತ್ತಾದ ಕೂಡಲೇ ಕಾದಿರಿಸಿಬಿಡಿ. ಮಡಿಸುವ ಸೈಕಲ್ ಆದರೆ ಈ ತಾಪತ್ರಯ ಇಲ್ಲ.

ಗೇರ್‌ಪ್ರಿಯ

ಹಾಗಾದರೆ ರೈಲನ್ನು ಕೊನೆಗೆ ಇಟ್ಟುಕೊಳ್ಳುವುದೇ ತಪ್ಪು. ಮೊದಲ ದಿನವೇ ರೈಲಿನಲ್ಲಿ ಬಾತ್‌ಗೆ ಹೋಗಿ, ಅಲ್ಲಿಂದ ಮನೆ ಕಡೆಗೆ ಸೈಕಲ್ ಹೊಡೆಯಿರಿ. ಇಂಗ್ಲೆಂಡಿನಲ್ಲಿ ಗಾಳಿ ಬಹುತೇಕ ನೈಋತ್ಯದಿಂದ ಬೀಸುತ್ತದೆ. ಬಾತ್‌ನಿಂದ ಈಶಾನ್ಯಕ್ಕೆ ಹೊರಟರೆ ಗಾಳಿ ಬೆನ್ನಿಗೆ. ರೆಡಿಂಗ್‌ನಿಂದ ಬಾತ್‌ಗೆ ನೇರ ರೈಲಿದೆ.

ಬಾತ್‌ಬಸು

ಇದು ಸರಿಯಾದ ಮಾತು. ನನಗೇ ಹೊಳೆದಿರಲಿಲ್ಲ. ಇನ್ನೊಂದು ಲಾಭ ಇದೆ. ಹಾಗೆ ಬಂದರೆ ಮೊರ್ಟನ್‌ನಿಂದ ಆಕ್ಸ್‌ಫರ್ಡ್‌ಗೆ ಎವನ್‌ಲೋಡ್ ಹರಿಯುವ ದಿಕ್ಕಿನಲ್ಲೇ ಇಳಿಯುತ್ತೀರಿ.

ಮೈಸೂರುಪಾಕು

ಊಟದ ಕಥೆ ಹೇಳಿ ಯಾರಾದರೂ. ನಾವು ಸಸ್ಯಾಹಾರಿಗಳು, ನಾನೂ ಇಂಥದ್ದೇ ಯೋಚನೆಯಲ್ಲಿದ್ದೇನೆ.

ಸುಮಾ_ಸ್ವಿಂಡನ್

ಹಳ್ಳಿ ಪಬ್ಬುಗಳಲ್ಲಿ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚುತ್ತದೆ. ಆಮೇಲೆ ಸಂಜೆ ಆರರವರೆಗೆ ಕುಡಿಯಲು ಸಿಗುತ್ತದೆ, ತಿನ್ನಲು ಸಿಗುವುದಿಲ್ಲ. ಭಾನುವಾರ ಸಣ್ಣ ಅಂಗಡಿಗಳೂ ಬೇಗ ಬಾಗಿಲು ಹಾಕುತ್ತವೆ. ಹಸಿವಾದ ಮೇಲೆ ಹುಡುಕುವುದಲ್ಲ, ಒಂದು ಗಂಟೆಗೆಲ್ಲ ಎಲ್ಲಾದರೂ ಕೂತುಬಿಡಬೇಕು. ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ ಸೀಳಿ ಚೀಸ್, ಬೀನ್ಸ್ ತುಂಬಿ ಕೊಡುತ್ತಾರಲ್ಲ, ಜಾಕೆಟ್ ಪೊಟೇಟೊ, ಅದು ಎಲ್ಲ ಕಡೆ ಸಿಗುತ್ತದೆ. ಸೈಕಲ್ ಹೊಡೆಯುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಸೂಪ್ ಮಾತ್ರ ಕೇಳಿ ತೆಗೆದುಕೊಳ್ಳಿ, ತರಕಾರಿಯದ್ದು ಅಂದರೂ ಕೋಳಿ ಬೇಯಿಸಿದ ನೀರು ಹಾಕಿರಬಹುದು.

ನಾನಂತೂ ಗೊಜ್ಜವಲಕ್ಕಿ ಪುಡಿ ಮಾಡಿ ಡಬ್ಬಿಯಲ್ಲಿ ಒಯ್ಯುತ್ತೇನೆ. ಅವಲಕ್ಕಿ ತರಿ, ಹುಣಸೆ, ಬೆಲ್ಲ, ಸಾರಿನ ಪುಡಿ, ಒಣಕೊಬ್ಬರಿ, ಒಗ್ಗರಣೆ ಎಲ್ಲ ಕಲೆಸಿದ್ದು. ಬೆಳಿಗ್ಗೆ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡರೆ ಆಯಿತು. ಹಳ್ಳಿ ಚರ್ಚಿನ ಬಾಗಿಲಲ್ಲಿ ಮಾಡಿನ ಕೆಳಗೆ ಕಲ್ಲಿನ ಕಟ್ಟೆ ಇರುತ್ತದೆ. ಮಳೆ ಬಂದರೆ ಅಲ್ಲೇ ಕೂತು ತಿನ್ನುತ್ತೇನೆ. ನಮ್ಮ ಕಡೆ ದೇವಸ್ಥಾನದ ಜಗಲಿ ಮೇಲೆ ಕೂತಂತೆಯೇ ಇರುತ್ತದೆ. ಎದ್ದು ಬರುವಾಗ ಹುಂಡಿಗೆ ಒಂದು ಪೌಂಡ್ ಹಾಕುತ್ತೇನೆ.

ಕಾವೇರಿತೀರ

ಗೊಜ್ಜವಲಕ್ಕಿ ಪುಡಿಗೆ ಬಿಸಿನೀರು ಎಷ್ಟು ಹೊತ್ತು ಬಿಡಬೇಕು?

ಸುಮಾ_ಸ್ವಿಂಡನ್

ಹತ್ತು ನಿಮಿಷ ಮುಚ್ಚಿಡಿ. ನೀರು ಪುಡಿಯ ಮೇಲೆ ಒಂದು ಬೆರಳು ನಿಂತರೆ ಸಾಕು.

ಹಳೇಹರ್ಕ್ಯುಲಿಸ್

ಭಾವ ಮಲೆನಾಡಿನವರು ಅಂದಿರಿ, ಒಂದು ವಿಷಯ ಅವರಿಗೆ ಹೇಳಿ. ನಾವು ಚಿಕ್ಕವರಿದ್ದಾಗ ಊರಿನಲ್ಲಿ ಗಂಟೆ ಬಾಡಿಗೆಗೆ ಸೈಕಲ್ ತಂದು ಒಳಪೆಡಲು ಹೊಡೆಯುತ್ತಿದ್ದೆವಲ್ಲ. ಆ ಹರ್ಕ್ಯುಲಿಸ್, ಬಿಎಸ್ಎ ಹೆಸರುಗಳು ಹುಟ್ಟಿದ್ದು ಇಲ್ಲೇ, ಬರ್ಮಿಂಗ್‌ಹ್ಯಾಂನಲ್ಲಿ. ಬಿಎಸ್ಎ ಅಂದರೆ ಬರ್ಮಿಂಗ್‌ಹ್ಯಾಂ ಸ್ಮಾಲ್ ಆರ್ಮ್ಸ್, ಬಂದೂಕಿನ ಕಂಪನಿ. ರ್‍ಯಾಲೆ ನಾಟಿಂಗ್‌ಹ್ಯಾಂದು. 1949ರಲ್ಲಿ ಇಲ್ಲಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಮದರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾಯಿತು. ಆಮೇಲೆ ನಮ್ಮೂರ ಅಂಗಡಿಗೆ ಬಂದದ್ದು ಮದರಾಸಿನ ಹರ್ಕ್ಯುಲಿಸ್. ಅಪ್ಪನ ಹತ್ತಿರ ಅದೇ ಇತ್ತು. ಮುಂದಿನ ಬಾರಿನ ಮೇಲೆ ನನ್ನನ್ನು ಕೂರಿಸಿಕೊಂಡು ಹಾಸನದ ಸಂತೆಗೆ ಕರೆದೊಯ್ಯುತ್ತಿದ್ದರು. ಇಲ್ಲಿ ಕೆಲಸಕ್ಕೆ ಬಂದ ಮೊದಲ ವಾರ ಆ ಹೆಸರಿನ ಹಳೇ ಸೈಕಲ್ಲೊಂದನ್ನು ರಸ್ತೆಬದಿ ಕಂಡೆ. ಹ್ಯಾಂಡಲ್ ಮುಟ್ಟಿ ನೋಡಿ ಬಂದೆ.

ತುಂಗಾತಟ

ಅಂಕಲ್, ನಮ್ಮಜ್ಜನದ್ದೂ ಹರ್ಕ್ಯುಲಿಸ್. ಡೈನಮೋ ಟಯರಿಗೆ ಒರಗಿಸಿದರೆ ಗರ್ರ್ ಅಂತ ಸದ್ದು, ಸೈಕಲ್ ನಿಂತರೆ ದೀಪವೂ ಹೋಗುತ್ತಿತ್ತು.

ಚಿಲ್ಟರ್ನ್ಸ್‌ಚಂದ್ರು

ಎಲ್ಲರೂ ಕಾಟ್ಸ್‌ವೋಲ್ಡ್ಸ್ ಅಂತಲೇ ಯಾಕೆ ಓಡುತ್ತೀರಿ? ಬೈಬರಿಯಲ್ಲಿ ಬೇಸಿಗೆಯಲ್ಲಿ ಟೂರಿಸ್ಟ್ ಬಸ್ಸುಗಳ ಸಾಲು. ರೆಡಿಂಗ್ ಪಕ್ಕದಲ್ಲೇ ಚಿಲ್ಟರ್ನ್ಸ್ ಇದೆ. ಬೀಚ್ ಮರದ ಕಾಡು, ಸುಣ್ಣಕಲ್ಲಿನ ಗುಡ್ಡ, ತಲೆ ಮೇಲೆ ರೆಡ್ ಕೈಟ್ ಅನ್ನುವ ಕೆಂಪು ಹದ್ದು. ಸ್ಟೋಕ್ ರೋ ಅನ್ನುವ ಹಳ್ಳಿಯಲ್ಲಿ ಕಾಶಿ ಮಹಾರಾಜರು ತೋಡಿಸಿಕೊಟ್ಟ ಬಾವಿ ಇದೆ. ಆ ಹಳ್ಳಿಯಲ್ಲಿ ನೀರಿನ ಕಷ್ಟ ಅಂತ ಅಲ್ಲಿನವರೊಬ್ಬರ ಬಾಯಲ್ಲಿ ಕೇಳಿ, ದುಡ್ಡು ಕಳಿಸಿದರು. 1864ರಲ್ಲಿ ಮುಗಿಯಿತು. 368 ಅಡಿ ಆಳ, ಕೈಯಲ್ಲೇ ತೋಡಿದ್ದು. ಮೇಲೆ ಬಂಗಾರದ ಬಣ್ಣದ ಗುಮ್ಮಟ. ಮೊದಲ ಸಲ ಕಂಡಾಗ ಸೈಕಲ್ ಇಳಿದು ಸುಮಾರು ಹೊತ್ತು ನಿಂತುಬಿಟ್ಟೆ.

ಬಾತ್‌ಬಸು

ಚಂದ್ರು ಹೇಳಿದ್ದು ಕೇಳಿ ನೆನಪಾಯಿತು. ಮೊರ್ಟನ್-ಇನ್-ಮಾರ್ಷ್‌ನಿಂದ ಎರಡೂವರೆ ಕಿಮೀ ದೂರದಲ್ಲಿ ಸೆಜಿನ್‌ಕೋಟ್ ಅಂತ ಮನೆ ಇದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿದ ಕಾಕೆರಲ್ ಕುಟುಂಬದವರು 1805ರ ಸುಮಾರಿಗೆ ಕಟ್ಟಿಸಿದ್ದು. ಸುತ್ತ ಕುರಿ ಹುಲ್ಲುಗಾವಲು, ನಡುವೆ ಮೊಗಲರ ಶೈಲಿಯ ಮನೆ, ಹಸಿರುಗಟ್ಟಿದ ತಾಮ್ರದ ಗುಮ್ಮಟ. ತೋಟದ ಹಳ್ಳದ ಮೇಲೆ ಸೇತುವೆ, ಸೇತುವೆಯ ಮೇಲೆ ನಂದಿಗಳು ಕೂತಿವೆ. ಮೇಲ್ಗಡೆ ಕೊಳದ ಬಳಿ ಸೂರ್ಯನ ಗುಡಿ. ನಮ್ಮ ನಾಡನ್ನು ಕೊಳ್ಳೆ ಹೊಡೆದ ದುಡ್ಡು ಅನ್ನುವುದು ಮರೆಯುವ ಮಾತಲ್ಲ. ಆದರೂ ನೋಡಬೇಕಾದ ಜಾಗ. ವಾರದಲ್ಲಿ ಕೆಲವೇ ದಿನ ತೆಗೆದಿರುತ್ತಾರೆ, ದಿನ ನೋಡಿಕೊಂಡು ಹೋಗಿ. ಪಾರ್ಕಿನ ಮೂಲಕ ಕಾಲುದಾರಿ ಇದೆ, ಅಲ್ಲಿ ಸೈಕಲ್ ಹೊಡೆಯುವ ಹಾಗಿಲ್ಲ.

ಗೇರ್‌ಪ್ರಿಯ

ಇದನ್ನೇ ಹಿಡಿದು ಶ್ರಾಪ್‌ಶೈರ್ ಕಡೆ ಒಂದು ಸಲ ಹೋಗಿ. ಲಾಂಗ್ ಮಿಂಡ್ ಹತ್ತಿ ಆಚೆ ಇಳಿದು ಗಡಿ ದಾಟಿದರೆ ವೇಲ್ಸ್‌ನ ಪೊವಿಸ್ ಕೋಟೆ. ಅಲ್ಲಿ ಟಿಪ್ಪು ಸುಲ್ತಾನನ ಡೇರೆ ಇದೆ.

ಸುಮಾ_ಸ್ವಿಂಡನ್

ವಿಷಯ ಎಲ್ಲಿಗೋ ಹೋಯಿತು. ರೆಡಿಂಗ್‌ವಾಸಿ, ಈಗ ದಾರಿ ಏನಾಯಿತು?

ರೆಡಿಂಗ್‌ವಾಸಿ

ನಿಮ್ಮೆಲ್ಲರ ಮಾತಿನ ಮೇಲೆ ಹೊಸದಾಗಿ ಬರೆದೆ. ಬೆಳಿಗ್ಗೆ ರೈಲಿನಲ್ಲಿ ಬಾತ್, ಸೈಕಲ್ಲಿಗೆ ಜಾಗ ಕಾದಿರಿಸಿದ್ದಾಯಿತು. ಅಲ್ಲಿಂದ ಕೆನೆಟ್-ಏವನ್ ಕಾಲುವೆ ದಂಡೆಯಲ್ಲಿ ಬ್ರಾಡ್‌ಫರ್ಡ್-ಆನ್-ಏವನ್, ಲೇಕಾಕ್, ರಾತ್ರಿಗೆ ಮಾಮ್ಸ್‌ಬರಿ. ಎರಡನೇ ದಿನ ಸೈರನ್‌ಸೆಸ್ಟರ್, ಬೈಬರಿ, ಬರ್ಫರ್ಡ್. ಮೂರನೇ ದಿನ ವಿಂಡ್‌ರಶ್ ಹೊಳೆಯ ಜೊತೆ ಮೇಲಕ್ಕೆ ಬೋರ್ಟನ್, ನಾಂಟನ್, ಗೈಟಿಂಗ್ ಪವರ್, ಅಲ್ಲಿಂದ ಮೊರ್ಟನ್. ನಾಲ್ಕನೇ ದಿನ ಬೆಳಿಗ್ಗೆ ನಂದಿ ನೋಡಿ, ಕಿಂಗಂ, ಚಾರ್ಲ್‌ಬರಿ ಮೇಲೆ ಆಕ್ಸ್‌ಫರ್ಡ್. ಐದನೇ ದಿನ ನ್ಯಾಷನಲ್ ಸೈಕಲ್ ನೆಟ್‌ವರ್ಕಿನ 5ನೇ ನಂಬರ್ ದಾರಿ ಹಿಡಿದು ವಾಲಿಂಗ್‌ಫರ್ಡ್ ಮೇಲೆ ಮನೆ. ಒಟ್ಟು ಸುಮಾರು 280 ಕಿಮೀ.

ಬಾತ್‌ಬಸು

ಇದು ದಾರಿ ಅಂದರೆ. ನಾಲ್ಕನೇ ದಿನ ಒಂದು ಬದಲಾವಣೆ ಮಾಡಿ. ಸೆಜಿನ್‌ಕೋಟ್ ಬೆಳಿಗ್ಗೆ ತೆಗೆದಿರುತ್ತಾರೆ ಅಂತ ಹೇಳಲಾಗದು. ಮೂರನೇ ದಿನ ಬೇಗ ಹೊರಟು ಅದನ್ನು ಅವತ್ತೇ ಮುಗಿಸಿ. ಏರು ಹತ್ತಲು ಸೈಕಲ್ಲಿನ ಅತಿ ಹಗುರದ ಗೇರಿಗೆ ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇರಲಿ. ಕಾಲುವೆ ದಂಡೆಯಲ್ಲಿ ನಿಧಾನ. ನಡೆಯುವವರಿಗೇ ಮೊದಲ ಹಕ್ಕು, ಸೇತುವೆ ಕೆಳಗೆ ತಲೆ ತಗ್ಗಿಸಬೇಕು, ಬೆಲ್ ಇರಲಿ. ದೋಣಿಯಲ್ಲೇ ಮನೆ ಮಾಡಿಕೊಂಡವರ ಸೌದೆ, ಹೂಕುಂಡ, ನಾಯಿ ಎಲ್ಲ ದಂಡೆ ಮೇಲೇ ಇರುತ್ತವೆ.

ತುಂಗಾತಟ

ಲೇಕಾಕ್‌ಗೆ ಮುಂಚೆ ಸಮಯ ಸಿಕ್ಕರೆ ಡಿವೈಜಸ್ ಹತ್ತಿರದ ಕೇನ್ ಹಿಲ್ ನೋಡಿ. ಕಾಲುವೆಯಲ್ಲಿ ದೋಣಿ ಹತ್ತಿಸಲು 29 ಲಾಕ್‌ಗಳು (ನೀರು ತುಂಬಿಸಿ ದೋಣಿ ಮೇಲೆತ್ತುವ ತೊಟ್ಟಿಗಳು), ಅದರಲ್ಲಿ 16 ಒಂದೇ ಸಾಲಿನಲ್ಲಿ ಮೆಟ್ಟಿಲಿನ ಹಾಗೆ. ಸ್ವಲ್ಪ ಸುತ್ತು ಆಗುತ್ತದೆ.

ಮೈಸೂರುಪಾಕು

ಏರು ಆಗದಿದ್ದರೆ ಭಾವನಿಗೆ ಬ್ಯಾಟರಿ ಸೈಕಲ್ ಬಾಡಿಗೆಗೆ ತೆಗೆದುಕೊಂಡರೆ?

ರೆಡಿಂಗ್‌ವಾಸಿ

ಕೇಳಿದೆ. "ಬೇಕಾದರೆ ಇಳಿದು ತಳ್ಳುತ್ತೇನೆ, ಬ್ಯಾಟರಿ ಬೇಡ" ಅಂದರು.

ರೆಡಿಂಗ್‌ವಾಸಿ (ಜೂನ್ ಕೊನೆ)

ಹೋಗಿ ಬಂದೆವು. 291 ಕಿಮೀ ಆಯಿತು, ಎರಡು ಸಲ ದಾರಿ ತಪ್ಪಿದ್ದು ಸೇರಿ. ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ.

ನಾಂಟನ್ ಹತ್ತಿರ ಹೊಳೆ ಬಿಟ್ಟು ಮೇಲೇರುವ ಕಡೆ ಭಾವ ಇಳಿದು ತಳ್ಳಿದರು. ನಾನೂ ತಳ್ಳಿದೆ. ಬೇಲಿಯಲ್ಲಿ ಕಾಡು ಗುಲಾಬಿ, ಅದರಾಚೆ ಕುರಿ ಕೂಗುವುದು ಬಿಟ್ಟರೆ ಸದ್ದಿಲ್ಲ. ಮೇಲೆ ಬಂದು ನಿಂತಾಗ ಭಾವ ಹೇಳಿದರು: "ಆಗುಂಬೆಯಲ್ಲಿ ಒಂದು ಸಲ ಹತ್ತಿದರೆ ಮುಗೀತು. ಇಲ್ಲಿ ಬೆಳಿಗ್ಗೆಯಿಂದ ಎಂಟು ಸಲ ಹತ್ತಿದ್ದೀನಿ." ಬಸು ಸರ್ ಮಾತು ನೆನಪಾಯಿತು.

ಅವರು ಹೊಲದ ಗೋಡೆಗಳ ಹತ್ತಿರ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಗಾರೆ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ, ಮೇಲಿನ ಸಾಲಿನ ಕಲ್ಲನ್ನು ನಿಲ್ಲಿಸಿ ಜೋಡಿಸಿರುತ್ತಾರೆ. ಒಂದು ಕಡೆ ಕುಸಿದಿತ್ತು. ಭಾವ ಬಗ್ಗಿ ಒಳಗೆ ನೋಡಿದರು. ಎರಡೂ ಮುಖ ದೊಡ್ಡ ಕಲ್ಲು, ನಡುವೆ ಚೂರು ತುಂಬಿಸಿದ್ದು, ಅಲ್ಲಲ್ಲಿ ಎರಡೂ ಬದಿ ಹಿಡಿಯಲು ಒಂದು ಉದ್ದ ಕಲ್ಲು. "ನಮ್ಮ ತೋಟದ ಕಟ್ಟೆಯೂ ಹೀಗೇ" ಅಂತ ಹೇಳಿ, ಕೆಳಗೆ ಬಿದ್ದಿದ್ದ ನಾಲ್ಕು ಕಲ್ಲು ಎತ್ತಿ ಜಾಗಕ್ಕೆ ಇಟ್ಟರು. ಟ್ರ್ಯಾಕ್ಟರಿನಲ್ಲಿ ಬಂದ ರೈತ ನಿಲ್ಲಿಸಿ ನೋಡಿದ. ಬೈಯುತ್ತಾನೇನೋ ಅಂದುಕೊಂಡೆ. ಇಳಿದು ಬಂದು ಐದನೇ ಕಲ್ಲು ತಾನೇ ಇಟ್ಟ. ಇಬ್ಬರೂ ಹತ್ತು ನಿಮಿಷ ಗೋಡೆ ವಿಷಯ ಮಾತಾಡಿದರು, ನಾನು ನಡುವೆ ನಿಂತು ಕನ್ನಡ ಇಂಗ್ಲಿಷ್ ಮಾಡಿದೆ. 110 ಕಿಮೀ ಯೋಜನೆ ಇದ್ದಿದ್ದರೆ ಆ ಹತ್ತು ನಿಮಿಷ ನಮ್ಮ ಹತ್ತಿರ ಇರುತ್ತಿರಲಿಲ್ಲ.

ನಂದಿಗಳನ್ನೂ ನೋಡಿದೆವು. ಕೊರಳಲ್ಲಿ ಗೆಜ್ಜೆ ಇದೆಯಾ ಅಂತ ಭಾವ ಹತ್ತಿರ ಹೋಗಿ ಹುಡುಕಿದರು.

ಹಳೇಹರ್ಕ್ಯುಲಿಸ್

ಓದಿ ಬಹಳ ಸಂತೋಷವಾಯಿತು. ಪೆನ್ಸಿಲ್ ಸುತ್ತು ಎಷ್ಟು ಬಿದ್ದಿತ್ತು?

ರೆಡಿಂಗ್‌ವಾಸಿ

ದಿನಕ್ಕೆ ಮೂರು ದಾಟಲಿಲ್ಲ ಅಂಕಲ್. ನಕ್ಷೆಯನ್ನು ಭಾವ ಊರಿಗೆ ತೆಗೆದುಕೊಂಡು ಹೋದರು.

ಮೈಸೂರುಪಾಕು

ನಾವು ಇದೇ ದಾರಿಯಲ್ಲಿ ಸೆಪ್ಟೆಂಬರ್ ಮೂರನೇ ವಾರ ಹೋಗಬಹುದಾ? ಮಕ್ಕಳ ಶಾಲೆ ಶುರುವಾಗಿ ಜನ ಕಡಿಮೆ ಇರುತ್ತಾರೆ ಅಂತ.

ಸುಮಾ_ಸ್ವಿಂಡನ್

ಹೋಗಿ, ಬೆಳಕೂ ಚೆನ್ನಾಗಿರುತ್ತದೆ. ಆದರೆ ಹಕ್ಕಿಗಳು ಗೂಡು ಕಟ್ಟುವ ಕಾಲ ಅಂತ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರೈತರು ಬೇಲಿ ಕತ್ತರಿಸುವುದಿಲ್ಲ. ಸೆಪ್ಟೆಂಬರ್ ಬಂದ ಕೂಡಲೇ ಟ್ರ್ಯಾಕ್ಟರಿಗೆ ಯಂತ್ರ ಕಟ್ಟಿ ಸವರಲು ಶುರು ಮಾಡುತ್ತಾರೆ. ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಮುಳ್ಳು ಓಣಿ ತುಂಬ ಬಿದ್ದಿರುತ್ತದೆ. ನಮ್ಮ ಜಾಲಿ ಮುಳ್ಳಿನಷ್ಟೇ ಗಟ್ಟಿ. ಒಬ್ಬೊಬ್ಬರಿಗೆ ಎರಡು ಟ್ಯೂಬು, ಪ್ಯಾಚು, ಪಂಪು ಇಟ್ಟುಕೊಳ್ಳಿ. ಟಯರಿನಿಂದ ಮುಳ್ಳು ಕೀಳಲು ಒಂದು ಚಿಮಟವೂ ಇರಲಿ. ಹೊಸದಾಗಿ ಸವರಿದ ಬೇಲಿ ಕಂಡರೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ.

ಮೈಸೂರುಪಾಕು

ಚಿಮಟ ಪಟ್ಟಿಗೆ ಸೇರಿಸಿದೆ. ಗೊಜ್ಜವಲಕ್ಕಿ ಪುಡಿಯೂ.